ಸ್ಟಾಪ್ ಸೈನ್ ಮೂಲೆಗೆ ಮಿನಿ ರೌಂಡಬೌಟ್ ಹಾಕಿಸುವುದು ಹೇಗೆ? ಅಮೆರಿಕದ ಬಡಾವಣೆಗಳಲ್ಲಿರುವ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಅಮೆರಿಕದ ಸಬರ್ಬ್‌ಗಳಲ್ಲಿ ಮನೆ ಮಾಡಿರುವ ನಮ್ಮವರು ನಾಲ್ಕು ಜನ ಸೇರಿದರೆ ರಸ್ತೆ ಬಗ್ಗೆ ಒಂದು ದೂರು ಇದ್ದೇ ಇರುತ್ತದೆ. ಮೂಲೆಯಲ್ಲಿ ಸ್ಟಾಪ್ ಸೈನ್ ಇದೆ, ಆದರೆ ಯಾರೂ ಪೂರ್ತಿ ನಿಲ್ಲಿಸುವುದಿಲ್ಲ. ಚಕ್ರ ಉರುಳುತ್ತಲೇ ಇರುತ್ತದೆ, ತಲೆ ಮಾತ್ರ ಆ ಕಡೆ ಈ ಕಡೆ ತಿರುಗುತ್ತದೆ. ಊರಿಂದ ಬಂದ ಅಪ್ಪ ಅಮ್ಮ ಬೆಳಗ್ಗೆ ವಾಕಿಂಗ್ ಹೊರಟರೆ ಆ ಮೂಲೆ ದಾಟಲು ಹೆದರುತ್ತಾರೆ. ಕೊನೆಗೆ ಯಾರೋ ಒಬ್ಬರು ಸಿಟಿಗೆ ಇಮೇಲ್ ಹಾಕುತ್ತಾರೆ: ಇನ್ನೆರಡು ಸ್ಟಾಪ್ ಸೈನ್ ಹಾಕಿ, ಇಲ್ಲಾ ಹಂಪ್ ಹಾಕಿ. ಸ್ವಲ್ಪ ದಿನ ಬಿಟ್ಟು ನಯವಾದ ಉತ್ತರ ಬರುತ್ತದೆ, ಆಗುವುದಿಲ್ಲ ಅಂತ.

ಆ ಉತ್ತರಕ್ಕೆ ಕಾರಣ ಇದೆ. ದೇಶದ ಎಲ್ಲ ರಸ್ತೆ ಫಲಕಗಳಿಗೂ ಎಂಯುಟಿಸಿಡಿ ಅನ್ನುವ ಫೆಡರಲ್ ಕೈಪಿಡಿಯೇ ಆಧಾರ. ವೇಗ ತಗ್ಗಿಸಲಿಕ್ಕಾಗಿ ಸ್ಟಾಪ್ ಸೈನ್ ಹಾಕಬಾರದು ಅಂತ ಅದು ಹೇಳುತ್ತದೆ. ಹಾಗಾಗಿ ಫಲಕ ಕೇಳಿದರೆ ಟ್ರಾಫಿಕ್ ಎಂಜಿನಿಯರ್ ಕೈ ಕಟ್ಟಿಹೋಗುತ್ತದೆ. ಅದೇ ಮೂಲೆಗೆ ಪುಟ್ಟ ರೌಂಡಬೌಟ್ (ನಡುವೆ ದ್ವೀಪ, ಅದನ್ನು ಸುತ್ತಿ ಹೋಗುವ ದಾರಿ) ಆಗುತ್ತದಾ ನೋಡಿ ಅಂತ ಕೇಳಿದರೆ ಅವರಿಗೆ ಲೆಕ್ಕ ಹಾಕಿ ನೋಡಲು ಏನಾದರೂ ಸಿಗುತ್ತದೆ. ಫಲಕ ಡ್ರೈವರ್‌ಗೆ ನಿಲ್ಲು ಅನ್ನುತ್ತದೆ, ಅವನು ಕೇಳಬಹುದು, ಬಿಡಬಹುದು. ರೌಂಡಬೌಟ್‌ನಲ್ಲಿ ದಾರಿಯೇ ಬಾಗಿರುತ್ತದೆ, ಸ್ಟೀರಿಂಗ್ ತಿರುಗಿಸದೆ ಮುಂದೆ ಹೋಗಲು ಆಗುವುದಿಲ್ಲ. ಈ ಬಾಗನ್ನು ನೆನಪಿಟ್ಟುಕೊಳ್ಳಿ. ಜಾಗ ಆರಿಸುವಾಗಲೂ, ನಕ್ಷೆ ನೋಡುವಾಗಲೂ, ಕಟ್ಟಿದ ಮೇಲೆ ಸರಿಯಾಗಿದೆಯಾ ಅಂತ ಪರೀಕ್ಷಿಸುವಾಗಲೂ ನೋಡಬೇಕಾದ್ದು ಅದನ್ನೇ.

ನಿಮ್ಮದು ಟೂ-ವೇ ಸ್ಟಾಪಾ, ಫೋರ್-ವೇ ಸ್ಟಾಪಾ?

ಬಹಳ ಜನ ಈ ಪ್ರಶ್ನೆ ಕೇಳಿಕೊಳ್ಳದೆಯೇ ಕೌನ್ಸಿಲ್ ಮೀಟಿಂಗ್‌ಗೆ ಹೋಗಿ ನಿಂತುಬಿಡುತ್ತಾರೆ. ಆಮೇಲೆ ಎಂಜಿನಿಯರ್ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುತ್ತಾರೆ.

ಟೂ-ವೇ ಸ್ಟಾಪ್ ಅಂದರೆ ಅಡ್ಡರಸ್ತೆಯವರು ಮಾತ್ರ ನಿಲ್ಲಬೇಕು, ದೊಡ್ಡ ರಸ್ತೆಯವರು ಸೀದಾ ಹೋಗುತ್ತಾರೆ. ಇಲ್ಲಿ ಆಗುವ ಅಪಘಾತ ಕೆಟ್ಟದ್ದು. ಅಡ್ಡರಸ್ತೆಯಿಂದ ಬಂದವರು ಅಂದಾಜು ತಪ್ಪಿ ಮುಂದೆ ನುಗ್ಗುತ್ತಾರೆ, ದೊಡ್ಡ ರಸ್ತೆಯ ಗಾಡಿ ಅದೇ ವೇಗದಲ್ಲಿ ಬಂದು ಬಾಗಿಲಿಗೇ ಗುದ್ದುತ್ತದೆ. ಇಂಥ ಜಂಕ್ಷನ್ ರೌಂಡಬೌಟ್ ಆದರೆ ಸಾವು ಮತ್ತು ಗಾಯದ ಅಪಘಾತಗಳು ಸುಮಾರು 82% ಇಳಿಯುತ್ತವೆ ಅನ್ನುವುದು ಫೆಡರಲ್ ಹೆದ್ದಾರಿ ಇಲಾಖೆ ಕೊಡುವ ಅಂಕಿ. ನಾಲ್ಕು ದಾರಿಯ ಸಾಮಾನ್ಯ ಜಂಕ್ಷನ್‌ನಲ್ಲಿ ಗಾಡಿಗಳ ದಾರಿ ಒಂದಕ್ಕೊಂದು ತಾಗಬಹುದಾದ ಜಾಗಗಳು 32. ಒಂದೇ ಲೇನಿನ ರೌಂಡಬೌಟ್‌ನಲ್ಲಿ 8. ಉಳಿದ ಆ ಎಂಟರಲ್ಲೂ ಗಾಡಿಗಳು ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ, ನಿಧಾನವಾಗಿ ಹೋಗುತ್ತಿರುತ್ತವೆ. ತಗುಲಿದರೂ ಬಂಪರ್ ಹೋಗುತ್ತದೆ, ಪ್ರಾಣ ಹೋಗುವುದು ಅಪರೂಪ.

ಫೋರ್-ವೇ ಸ್ಟಾಪ್ ಕಥೆಯೇ ಬೇರೆ. ಹೆದ್ದಾರಿ ಸಂಶೋಧನೆಯ ರಾಷ್ಟ್ರೀಯ ಕಾರ್ಯಕ್ರಮವಾದ ಎನ್‌ಸಿಎಚ್‌ಆರ್‌ಪಿಯಿಂದ 2007ರಲ್ಲಿ ಬಂದ ವರದಿ 572, ಅಮೆರಿಕದ 55 ಜಂಕ್ಷನ್‌ಗಳನ್ನು ರೌಂಡಬೌಟ್ ಆಗುವ ಮುಂಚೆ ಮತ್ತು ಆದಮೇಲೆ ಹೋಲಿಸಿತು. ಒಟ್ಟಾರೆ ಗಾಯದ ಅಪಘಾತಗಳು 76% ಇಳಿದಿದ್ದವು. ಆದರೆ ಮುಂಚೆ ಫೋರ್-ವೇ ಸ್ಟಾಪ್ ಇದ್ದ ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯಾಕೆಂದರೆ ನಾಲ್ಕೂ ಕಡೆಯವರು ನಿಂತು ಹೊರಡುವ ಜಾಗದಲ್ಲಿ ವೇಗ ಮೊದಲೇ ಕಮ್ಮಿ. ಅಲ್ಲಿ ಸಿಗುವ ಲಾಭ ಸಮಯದ್ದು. ರಾತ್ರಿ 11ಕ್ಕೆ ಖಾಲಿ ರಸ್ತೆಯಲ್ಲಿ ಸುಮ್ನೆ ನಿಲ್ಲುವುದು ತಪ್ಪುತ್ತದೆ. ಬೆಳಗ್ಗೆ ಸ್ಕೂಲ್ ಹೊತ್ತಿನಲ್ಲಿ "ನೀವು ಹೋಗಿ, ಇಲ್ಲ ನೀವು ಹೋಗಿ" ಅಂತ ಇಬ್ಬರೂ ಕೈ ಆಡಿಸಿ, ಕೊನೆಗೆ ಇಬ್ಬರೂ ಒಟ್ಟಿಗೆ ಹೊರಟು, ಒಟ್ಟಿಗೇ ಬ್ರೇಕ್ ಹಾಕುವ ಆಟವೂ ಮುಗಿಯುತ್ತದೆ. ಹಾಗಾಗಿ ನಿಮ್ಮದು ಫೋರ್-ವೇ ಆಗಿದ್ದರೆ "ಪ್ರಾಣ ಉಳಿಯುತ್ತದೆ" ಅಂತ ವಾದ ಮಾಡಲು ಹೋಗಬೇಡಿ. ಸಾಲು, ಹೊಗೆ, ಸದ್ದು, ನಿಲ್ಲದೆ ನುಗ್ಗುವವರ ಕಾಟ, ಇಷ್ಟನ್ನು ಇಟ್ಟುಕೊಂಡು ಮಾತಾಡಿ.

ಇನ್ನೊಂದು ವಿಷಯ. ಈ ಅಂಕಿಗಳು ಬಹುತೇಕ ಪೂರ್ಣ ಗಾತ್ರದ ರೌಂಡಬೌಟ್‌ಗಳಿಂದ ಬಂದವು. ಮಿನಿಗೆ ಇವೇ ಶೇಕಡಾವಾರು ಖಂಡಿತ ಅನ್ನಬೇಡಿ. ತಿಳಿದವರು ಹಿಡಿದುಬಿಡುತ್ತಾರೆ.

ಮಿನಿ ಅಂದರೆ ಎಷ್ಟು ಪುಟ್ಟದು?

ಸರ್ಕಲ್ ಅಂದ ತಕ್ಷಣ ಮೈಸೂರಿನ ಕೆ.ಆರ್. ಸರ್ಕಲ್ಲೋ, ಇಲ್ಲಿ ನ್ಯೂಜೆರ್ಸಿಯ ಹಳೇ ಸರ್ಕಲ್‌ಗಳೋ ಕಣ್ಣ ಮುಂದೆ ಬರುತ್ತವೆ. ಎರಡನ್ನೂ ಮರೆತುಬಿಡಿ. ಅಮೆರಿಕದ ಹಳೇ ಸರ್ಕಲ್‌ಗಳು ದೊಡ್ಡವು, ವೇಗದವು. ಎಷ್ಟೋ ಕಡೆ ಒಳಗೆ ಬರುವ ಗಾಡಿಗೇ ಮೊದಲ ಹಕ್ಕು ಇತ್ತು. ಒಳಗಿರುವವರು ನಿಂತರು, ಹೊರಗಿನವರು ಬರುತ್ತಲೇ ಇದ್ದರು, ಎಲ್ಲ ಕಟ್ಟಿಕೊಂಡಿತು. ಜನರಿಗೆ ಸರ್ಕಲ್ ಅಂದರೆ ಬೇಸರ ಬಂದಿದ್ದೇ ಹಾಗೆ. 1966ರಲ್ಲಿ ಬ್ರಿಟನ್ ಈ ನಿಯಮವನ್ನು ತಿರುಗಿಸಿತು: ಒಳಗಿರುವವರಿಗೆ ದಾರಿ, ಬರುವವರು ಕಾಯಬೇಕು. ಇವತ್ತಿನ ರೌಂಡಬೌಟ್ ಹುಟ್ಟಿದ್ದು ಅಲ್ಲಿಂದ. ಜಾಗ ಇಲ್ಲದ ಮೂಲೆಗಳಿಗೂ ಅದನ್ನು ಕುಗ್ಗಿಸಿ ಕೂರಿಸಬಹುದು ಅಂತ ತೋರಿಸಿದವರು ಅಲ್ಲಿನ ಎಂಜಿನಿಯರ್ ಫ್ರಾಂಕ್ ಬ್ಲ್ಯಾಕ್‌ಮೋರ್. ಅಮೆರಿಕಕ್ಕೆ ಹೊಸ ಬಗೆಯ ರೌಂಡಬೌಟ್ ಬಂದಿದ್ದು 1990ರಲ್ಲಿ, ಲಾಸ್ ವೇಗಸ್ ಪಕ್ಕದ ಸಮ್ಮರ್ಲಿನ್‌ಗೆ. ಇಂಡಿಯಾನಾದ ಕಾರ್ಮೆಲ್ ಊರಿನಲ್ಲಿ ಈಗ 150ಕ್ಕೂ ಜಾಸ್ತಿ ಇವೆ. 1996ರಿಂದ 2023ರ ಕೊನೆವರೆಗೆ ಮೇಯರ್ ಆಗಿದ್ದ ಜಿಮ್ ಬ್ರೇನಾರ್ಡ್ ಓದುವಾಗ ಇಂಗ್ಲೆಂಡಿನಲ್ಲಿ ಇವನ್ನು ಕಂಡು, ತಮ್ಮ ಊರಿಗೆ ತಂದವರು.

ಮಿನಿ ರೌಂಡಬೌಟ್‌ನ ಹೊರ ವೃತ್ತದ ಅಡ್ಡಳತೆ 45ರಿಂದ 90 ಅಡಿ. ನಡುವಿನ ದ್ವೀಪ ತಗ್ಗು ಗುಮ್ಮಟದ ಹಾಗೆ ನಾಲ್ಕೈದು ಇಂಚು ಎತ್ತರ, ಅಷ್ಟೇ. ಕಾರು ಅದನ್ನು ಸುತ್ತಿಕೊಂಡು ಹೋಗಬೇಕು. ಬಸ್ಸು, ಫೈರ್ ಎಂಜಿನ್, ಸಾಮಾನು ಸಾಗಿಸುವ ದೊಡ್ಡ ಟ್ರಕ್ ಮಾತ್ರ ಬೇಕಾದರೆ ಅದರ ಮೇಲೆ ಹತ್ತಿ ಹೋಗಬಹುದು. ಸಿಯಾಟಲ್‌ನ ಒಳರಸ್ತೆಗಳಲ್ಲಿ ಸಾವಿರಕ್ಕೂ ಹೆಚ್ಚು ಪುಟ್ಟ ವೃತ್ತಗಳಿವೆ, ನಡುವೆ ಗಿಡ ಇರುತ್ತದೆ, ಅಕ್ಕಪಕ್ಕದ ಮನೆಯವರೇ ನೋಡಿಕೊಳ್ಳುತ್ತಾರೆ. ನೋಡಲು ಚೆಂದ, ಆದರೆ ಅವು ಬೇರೆ ಜಾತಿ. ಅವುಗಳ ಮೇಲೆ ಗಾಡಿ ಹತ್ತಲು ಆಗುವುದಿಲ್ಲ, ಹಾಗಾಗಿ ದೊಡ್ಡ ಗಾಡಿಗಳು ಎಡಕ್ಕೆ ತಿರುಗುವಾಗ ವೃತ್ತ ಸುತ್ತದೆ ಮುಂಚೆಯೇ ತಿರುಗಿಬಿಡುತ್ತವೆ. ಸಿಟಿ ಜೊತೆ ಮಾತಾಡುವಾಗ ಯಾವುದು ಬೇಕು ಅಂತ ಸ್ಪಷ್ಟವಾಗಿ ಹೇಳಿ.

ಟೇಪು, ಫೋನು ಹಿಡಿದು ಮೂಲೆಯಲ್ಲಿ ನಿಲ್ಲಿ

ಮೊದಲು ಅಳತೆ. ಗೂಗಲ್ ಮ್ಯಾಪಿನ ಉಪಗ್ರಹ ಚಿತ್ರದಲ್ಲಿ ದೂರ ಅಳೆಯುವ ಸೌಲಭ್ಯ ಇದೆ, ಸಾಕು. ಒಂದು ಮೂಲೆಯ ಕರ್ಬ್‌ನಿಂದ (ರಸ್ತೆ ಅಂಚಿನ ಕಟ್ಟೆ) ಎದುರು ಮೂಲೆಯ ಕರ್ಬ್‌ಗೆ ಓರೆಯಾಗಿ ಅಳೆಯಿರಿ. ಎರಡೂ ರಸ್ತೆ 36 ಅಡಿ ಅಗಲ, ಮೂಲೆಯ ತಿರುವಿನ ತ್ರಿಜ್ಯ 25 ಅಡಿ ಇದ್ದರೆ ಸುಮಾರು 72 ಅಡಿ ಬರುತ್ತದೆ. ಸುತ್ತುವ ಲೇನಿಗೆ ಎರಡೂ ಬದಿ 18 ಅಡಿ ಬಿಟ್ಟರೂ ನಡುವೆ 36 ಅಡಿಯ ದ್ವೀಪಕ್ಕೆ ಜಾಗ ಇದೆ. ಸೀದಾ ಹೋಗಲು ಯಾರಿಗೂ ಆಗುವುದಿಲ್ಲ. ಅದೇ ರಸ್ತೆ 24 ಅಡಿ, ತಿರುವು 20 ಅಡಿ ಆದರೆ ಓರೆ ಅಳತೆ 50 ಅಡಿ ಮಾತ್ರ. ದ್ವೀಪ 14 ಅಡಿಗೆ ಇಳಿಯುತ್ತದೆ, ಬಾಗು ಕಮ್ಮಿಯಾಗುತ್ತದೆ. ಆಗುವುದೇ ಇಲ್ಲ ಅಂತಲ್ಲ, ಆದರೆ ನಕ್ಷೆಯಲ್ಲಿ ಜಾಸ್ತಿ ಎಚ್ಚರ ಬೇಕು.

ಆಮೇಲೆ ಎಣಿಕೆ. ಬೆಳಗ್ಗೆ ಸ್ಕೂಲ್ ಹೊತ್ತು, ಸಂಜೆ ಆಫೀಸ್ ಬಿಡುವ ಹೊತ್ತು, ಒಂದೊಂದು ಗಂಟೆ. ನಾಲ್ಕು ದಿಕ್ಕಿಗೂ ಬೇರೆ ಬೇರೆ ಗೆರೆ ಹಾಕಿ. ಎಡಕ್ಕೆ ತಿರುಗುವವರನ್ನು ಬೇರೆಯಾಗಿ ಗುರುತು ಮಾಡಿಕೊಳ್ಳಿ. ಅತಿ ಬಿಡುವಿಲ್ಲದ ಗಂಟೆಯ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ಇಡೀ ದಿನದ ಅಂದಾಜು ಸಿಗುತ್ತದೆ. ಒಟ್ಟು ದಿನಕ್ಕೆ 15,000 ಗಾಡಿಗಳವರೆಗೆ ಮಿನಿ ತಡೆದುಕೊಳ್ಳುತ್ತದೆ ಅನ್ನುವುದು ಫೆಡರಲ್ ಇಲಾಖೆಯ ಲೆಕ್ಕ. ಬಡಾವಣೆಯ ಮೂಲೆಗಳು ಸಾಮಾನ್ಯವಾಗಿ ಅದರ ಹತ್ತಿರಕ್ಕೂ ಬರುವುದಿಲ್ಲ. ಎಷ್ಟು ಜನ ನಡೆದು ದಾಟಿದರು, ಎಷ್ಟು ಸೈಕಲ್, ಸ್ಟ್ರೋಲರ್, ಅದೂ ಬರೆದಿಡಿ. ಗಾಡಿಗಳ ಲೆಕ್ಕ ಸಿಟಿ ಹತ್ತಿರವೂ ಇರಬಹುದು, ನಡೆಯುವವರ ಲೆಕ್ಕ ಸಾಮಾನ್ಯವಾಗಿ ಯಾರ ಹತ್ತಿರವೂ ಇರುವುದಿಲ್ಲ.

ಹಿಮ ಬೀಳುವ ಊರಲ್ಲಿದ್ದರೆ ನಿಮಗೆ ಪುಕ್ಕಟೆ ನಕ್ಷೆ ಸಿಗುತ್ತದೆ. ಹಿಮ ಬಿದ್ದ ಬೆಳಗ್ಗೆ, ಹಿಮ ಸರಿಸುವ ಪ್ಲೋ ಗಾಡಿ ಬರುವ ಮುಂಚೆ ಹೋಗಿ ಫೋಟೊ ತೆಗೆಯಿರಿ. ಟೈರ್ ಹೋದ ಕಡೆ ಕಪ್ಪು, ಯಾರೂ ಮುಟ್ಟದ ಕಡೆ ಬಿಳಿ. ಜಂಕ್ಷನ್‌ನ ನಡುವೆ, ಮೂಲೆಗಳಲ್ಲಿ ಎಷ್ಟು ಡಾಂಬರು ಸುಮ್ನೆ ಬಿದ್ದಿದೆ ಅಂತ ಯಾರಿಗಾದರೂ ಕಾಣುತ್ತದೆ. ಬೆಳ್ಳಗೆ ಉಳಿದ ಆ ಜಾಗವೇ ನಾಳೆಯ ದ್ವೀಪ. ಮೀಟಿಂಗ್‌ನಲ್ಲಿ ಹತ್ತು ಪುಟದ ವರದಿಗಿಂತ ಆ ಒಂದು ಫೋಟೊ ಹೆಚ್ಚು ಕೆಲಸ ಮಾಡುತ್ತದೆ. ಟೆಕ್ಸಸ್‌ನವರು ಒಣಗಿದ ಎಲೆ, ಮರಳು ಕೂತ ಜಾಗ ನೋಡಿಕೊಳ್ಳಿ.

ಕೆಲವು ಮೂಲೆಗಳನ್ನು ಇಲ್ಲೇ ಕೈಬಿಡಬೇಕು. ರಸ್ತೆ ಕಡಿದಾದ ಇಳಿಜಾರಿನಲ್ಲಿದ್ದರೆ ಬೇಡ. ಗಾಡಿಗಳು ಸಾಮಾನ್ಯವಾಗಿ ಗಂಟೆಗೆ 30 ಮೈಲಿಗಿಂತ ಜಾಸ್ತಿ ವೇಗದಲ್ಲಿ ಬರುವ ರಸ್ತೆಗೆ ಮಿನಿ ಒಗ್ಗುವುದಿಲ್ಲ. ಹತ್ತಿರದ ಸಿಗ್ನಲ್‌ನ ಸಾಲು ಸಂಜೆ ನಿಮ್ಮ ಮೂಲೆವರೆಗೂ ಬಂದರೆ ವೃತ್ತ ಕಟ್ಟಿಕೊಳ್ಳುತ್ತದೆ. ಯಾರದಾದರೂ ಡ್ರೈವ್‌ವೇ ವೃತ್ತದ ಒಳಕ್ಕೇ ತೆರೆದುಕೊಂಡರೆ ಆ ಮನೆಯವರು ದಿನಾ ಶಾಪ ಹಾಕುತ್ತಾರೆ. ದೊಡ್ಡ ರಸ್ತೆಯಲ್ಲಿ ನೂರಕ್ಕೆ ತೊಂಬತ್ತೈದು ಗಾಡಿ, ಅಡ್ಡರಸ್ತೆಯಲ್ಲಿ ಐದು ಇದ್ದರೂ ಸ್ವಲ್ಪ ಯೋಚನೆ ಮಾಡಿ. ಒಂದೇ ದಿಕ್ಕಿನ ಪ್ರವಾಹ ಬಿಡುವು ಕೊಡದೆ ಹರಿದರೆ ಅಡ್ಡರಸ್ತೆಯವರು ವೃತ್ತದ ಬಾಯಲ್ಲಿರುವ ಯೀಲ್ಡ್ (ದಾರಿ ಬಿಡಿ) ಗೆರೆಯಲ್ಲೇ ಕಾಯುತ್ತಾ ಕೂರುತ್ತಾರೆ.

ಯಾರನ್ನು ಕೇಳಬೇಕು, ಏನಂತ ಕೇಳಬೇಕು

ರಸ್ತೆ ಯಾರದ್ದು ಅಂತ ಮೊದಲು ಪತ್ತೆ ಮಾಡಿ. ಸಿಟಿಯದಾ, ಕೌಂಟಿಯದಾ, ರಾಜ್ಯದ ಸಾರಿಗೆ ಇಲಾಖೆಯದಾ? ಗೇಟು ಹಾಕಿದ ಬಡಾವಣೆಯಾದರೆ ರಸ್ತೆ ಮನೆ ಮಾಲೀಕರ ಸಂಘವಾದ ಎಚ್‌ಒಎಯದೇ ಇರಬಹುದು, ಆಗ ದುಡ್ಡೂ ನಿಮ್ಮೆಲ್ಲರ ಜೇಬಿನದೇ. ಸಿಟಿಯದಾದರೆ ಪಬ್ಲಿಕ್ ವರ್ಕ್ಸ್ ವಿಭಾಗದ ಟ್ರಾಫಿಕ್ ಎಂಜಿನಿಯರ್‌ಗೆ ನೇರವಾಗಿ ಬರೆಯಿರಿ. ದೂರಿನ ಆ್ಯಪ್‌ನಲ್ಲಿ ಹಾಕಿದರೆ ಗುಂಡಿ ಮುಚ್ಚುವವರ ಪಟ್ಟಿಗೆ ಹೋಗುತ್ತದೆ.

ಪತ್ರದಲ್ಲಿ ಮೂರು ಕೋರಿಕೆ ಇರಲಿ. ಆ ಜಂಕ್ಷನ್‌ನ ಕಳೆದ 5 ವರ್ಷದ ಅಪಘಾತಗಳ ವಿವರ ಕೊಡಿ. ಕೊಡದಿದ್ದರೆ ಸಾರ್ವಜನಿಕ ದಾಖಲೆ ಕಾನೂನಿನಡಿ ಅರ್ಜಿ ಹಾಕಬಹುದು, ನಮ್ಮ ಆರ್‌ಟಿಐ ಇದ್ದ ಹಾಗೆ. ಎರಡನೆಯದು, ಆ ಜಂಕ್ಷನ್‌ಗೆ "ಇಂಟರ್‌ಸೆಕ್ಷನ್ ಕಂಟ್ರೋಲ್ ಇವ್ಯಾಲ್ಯುಯೇಶನ್" ಮಾಡಿ. ಜಾರ್ಜಿಯಾ, ಫ್ಲೋರಿಡಾ, ಮಿನೆಸೋಟದಂಥ ರಾಜ್ಯಗಳಲ್ಲಿ ಸ್ಟಾಪ್, ಸಿಗ್ನಲ್, ರೌಂಡಬೌಟ್ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ನೋಡುವ ಕ್ರಮಕ್ಕೆ ಇದೇ ಹೆಸರು. ಎಂಜಿನಿಯರ್ ಕಿವಿ ನೆಟ್ಟಗಾಗುತ್ತದೆ. ಮೂರನೆಯದು, ಪಕ್ಕಾ ಕಟ್ಟುವ ಮುಂಚೆ ಬಣ್ಣ, ರಬ್ಬರ್ ಕರ್ಬ್, ಪ್ಲಾಸ್ಟಿಕ್ ಕಂಬ ಹಾಕಿ ಕೆಲವು ತಿಂಗಳು ಪ್ರಯೋಗ ಮಾಡಿ. ನಿಮ್ಮ ಎಣಿಕೆ, ಅಳತೆ, ಫೋಟೊ ಜೊತೆಗಿಡಿ. ಸಿಟ್ಟಿನ ಮಾತು ಬೇಡ.

ಖರ್ಚಿನ ಮಾತು ಬಂದೇ ಬರುತ್ತದೆ. 2010ರ ಫೆಡರಲ್ ಮಾಹಿತಿ ಪ್ರಕಾರ ಬರೀ ಬಣ್ಣ ಮತ್ತು ಫಲಕದ ಮಿನಿಗೆ ಸುಮಾರು 50,000 ಡಾಲರ್, ಎತ್ತರಿಸಿದ ದ್ವೀಪ ಎಲ್ಲ ಇದ್ದರೆ 250,000 ಡಾಲರ್ ದಾಟುತ್ತಿತ್ತು. ಈಗ ಅದಕ್ಕಿಂತ ಜಾಸ್ತಿ ಅಂದುಕೊಳ್ಳಿ.

ಅಕ್ಕಪಕ್ಕದವರ ಆಕ್ಷೇಪಣೆ

ವಿರೋಧ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಕ್ಯಾನ್ಸಸ್, ಮೇರಿಲ್ಯಾಂಡ್, ನೆವಾಡಗಳಲ್ಲಿ ಮಾಡಿದ ಒಂದು ಸಮೀಕ್ಷೆಯಲ್ಲಿ ಕಟ್ಟುವ ಮುಂಚೆ ರೌಂಡಬೌಟ್ ಬೇಕು ಅಂದವರು 31%, ಕಟ್ಟಿ ಸ್ವಲ್ಪ ದಿನಕ್ಕೆ 63%. ಪ್ರಯೋಗ ಮಾಡಿ ಅಂತ ಮೇಲೆ ಹೇಳಿದ್ದು ಇದಕ್ಕೇ. ನೋಡದೆ ಇರುವವರ ಮನಸ್ಸು ಭಾಷಣಕ್ಕೆ ಬದಲಾಗುವುದಿಲ್ಲ.

ಫೈರ್ ಎಂಜಿನ್ ತಿರುಗುತ್ತದಾ ಅಂತ ಕೇಳುವವರು ಇರುತ್ತಾರೆ. ನ್ಯಾಯವಾದ ಪ್ರಶ್ನೆ. ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ನಕ್ಷೆಯ ಅಳತೆಗೆ ಕೋನ್ ಇಟ್ಟು, ಫೈರ್ ಡಿಪಾರ್ಟ್‌ಮೆಂಟಿನವರನ್ನೇ ಕರೆದು ಗಾಡಿ ಓಡಿಸಿ ನೋಡಿ ಅಂತ ಸಿಟಿಗೆ ಹೇಳಿ. ಸ್ಕೂಲ್ ಬಸ್ಸಿಗೂ ಅದೇ. ಹಿಮ ಎತ್ತುವುದು ಹೇಗೆ ಅಂದರೆ, ದ್ವೀಪದ ಅಂಚು ಇಳಿಜಾರಾಗಿರಬೇಕು, ಪ್ಲೋ ಡ್ರೈವರ್‌ಗೆ ಕಾಣಲು ಗುರುತಿನ ಕಂಬ ಬೇಕು. ನಡುವೆ ಗಿಡ ನೆಡೋಣ, ಕಾರಂಜಿ ಇಡೋಣ ಅನ್ನುವವರೂ ಒಬ್ಬರಾದರೂ ಸಿಗುತ್ತಾರೆ. ಮಿನಿಯಲ್ಲಿ ಅದು ಆಗದ ಮಾತು, ಬಸ್ಸು ಹತ್ತಬೇಕಲ್ವಾ.

ಒಂದು ಆಕ್ಷೇಪಣೆಯನ್ನು ಮಾತ್ರ ಹಗುರವಾಗಿ ತಗೋಬೇಡಿ. ಕಣ್ಣು ಕಾಣದವರು ಗಾಡಿ ನಿಂತ ಸದ್ದು ಕೇಳಿ ರಸ್ತೆ ದಾಟುತ್ತಾರೆ. ರೌಂಡಬೌಟ್‌ನಲ್ಲಿ ಗಾಡಿ ನಿಲ್ಲದೆಯೂ ಹೋಗಬಹುದು, ಸುತ್ತುವ ಗಾಡಿಗಳ ಸದ್ದು ಬೇರೆ. ನಿಮ್ಮ ಬೀದಿಯಲ್ಲಿ ಅಂಥವರು ಇದ್ದರೆ ನಕ್ಷೆ ಆಗುವ ಮುಂಚೆಯೇ ಅವರನ್ನು ಎಂಜಿನಿಯರ್ ಜೊತೆ ಮಾತಾಡಿಸಿ. ದಾಟುವ ಜಾಗ ಎತ್ತರಿಸಿ ಕಟ್ಟುವುದು, ಕೋಲಿಗೆ, ಕಾಲಿಗೆ ಸಿಗುವ ಉಬ್ಬು ಚುಕ್ಕೆಗಳ ಹಾಸು, ಇವು ಬೇಕಾಗುತ್ತವೆ.

ನಕ್ಷೆ ಕೈಗೆ ಬಂದಾಗ

ಒಂದು ಪೆನ್ಸಿಲ್ ತಗೊಳ್ಳಿ. ಅವಸರದಲ್ಲಿರುವ ಡ್ರೈವರ್ ನೀವೇ ಅಂದುಕೊಂಡು, ಕರ್ಬ್ ಮುಟ್ಟದೆ ಆದಷ್ಟು ನೇರವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಗೆರೆ ಎಳೆಯಿರಿ. ಎಂಜಿನಿಯರ್‌ಗಳೂ ಇದನ್ನೇ ಮಾಡುತ್ತಾರೆ. ಗೆರೆ ಸ್ಪಷ್ಟವಾಗಿ ಬಲಕ್ಕೆ ಬಾಗಿ, ದ್ವೀಪ ಸುತ್ತಿ, ಮತ್ತೆ ಬಲಕ್ಕೆ ಹೊರಳಬೇಕು. ಮಿನಿಯಲ್ಲಿ ಒಳಗೆ ಬರುವ ವೇಗ ಗಂಟೆಗೆ 15ರಿಂದ 20 ಮೈಲಿ ಇರಬೇಕು. ಗೆರೆ ಹೆಚ್ಚುಕಮ್ಮಿ ನೇರ ಬಂದರೆ ದ್ವೀಪ ದೊಡ್ಡದಾಗಬೇಕು, ಇಲ್ಲವೇ ಒಳಬರುವ ಬಾಯಲ್ಲಿ ರಸ್ತೆ ಸೀಳುವ ಉದ್ದನೆ ದ್ವೀಪವನ್ನು ಸರಿಸಬೇಕು. ಬರೀ ಬಿಳಿ ಬಣ್ಣದ ವೃತ್ತ ಬಳಿದು ಬಿಟ್ಟರೆ ಜನ ಅದರ ಮೇಲೇ ಹೋಗುತ್ತಾರೆ. ಪ್ರಯೋಗಕ್ಕೆ ಸರಿ, ಪಕ್ಕಾ ಕೆಲಸಕ್ಕೆ ಒಪ್ಪಬೇಡಿ.

ಜೀಬ್ರಾ ಪಟ್ಟೆ ಯೀಲ್ಡ್ ಗೆರೆಗೆ ಅಂಟಿಕೊಂಡಿರಬಾರದು. ಒಂದು ಕಾರಿನಷ್ಟು, ಅಂದರೆ ಸುಮಾರು 20 ಅಡಿ ಹಿಂದೆ ಇರಬೇಕು. ಆಗ ಡ್ರೈವರ್ ಮೊದಲು ನಡೆಯುವವರನ್ನು ನೋಡುತ್ತಾನೆ, ಆಮೇಲೆ ಎಡಗಡೆಯ ಗಾಡಿಗಳನ್ನು. ಎರಡನ್ನೂ ಒಟ್ಟಿಗೆ ನೋಡು ಅಂದರೆ ಎಡಕ್ಕೇ ಕಣ್ಣು ನೆಟ್ಟು ಬಲಗಡೆಯಿಂದ ಬರುವ ಅಜ್ಜಿಯನ್ನು ಕಾಣದೆ ಹೋಗುತ್ತಾನೆ. ಜಾಗ ಇರುವ ಕಡೆ ಸೀಳುವ ದ್ವೀಪ 6 ಅಡಿ ಅಗಲ ಇರಲಿ, ಸ್ಟ್ರೋಲರ್ ಸಮೇತ ನಡುವೆ ನಿಂತು ಉಳಿದರ್ಧ ದಾಟಬಹುದು. ದೀಪ ದಾಟುವವರ ಮೇಲೆ ಬೀಳಬೇಕು. ಹಳೇ ಸ್ಟಾಪ್ ಸೈನ್‌ಗಳೆಲ್ಲ ಹೋಗಿ ನಾಲ್ಕೂ ಕಡೆ ಯೀಲ್ಡ್ ಸೈನ್ ಬರಬೇಕು. "ಇರಲಿ, ಎರಡೂ ಇರಲಿ" ಅಂತ ಯಾರಾದರೂ ರಾಜಿ ಮಾಡಿಸಿದರೆ ನಿಂತು ಸುತ್ತುವ ವಿಚಿತ್ರ ಜಂಕ್ಷನ್ ಆಗುತ್ತದೆ, ಎರಡರ ಲಾಭವೂ ಸಿಗದು.

ಪ್ರಯೋಗದ ದಿನಗಳು

ಶುರುವಿನಲ್ಲಿ ಗೊಂದಲ ಇರುತ್ತದೆ. ಎಡಕ್ಕೆ ತಿರುಗುವವರು ದ್ವೀಪ ಸುತ್ತದೆ ಸುಮ್ನೆ ಎಡಗಡೆಯಿಂದಲೇ ನುಗ್ಗುತ್ತಾರೆ. ಆ ಆರಂಭದ ದಿನಗಳ ವಿಡಿಯೊ ನೋಡಿ ಯಾರೂ ತೀರ್ಪು ಕೊಡಬಾರದು ಅಂತ ಮೊದಲೇ ಹೇಳಿಡಿ.

ಆಮೇಲೆ ಟೈರ್ ಗುರುತು ನೋಡಿ. ದ್ವೀಪದ ಅಂಚಿನಲ್ಲಿ, ತಿರುವಿನ ಆಕಾರಕ್ಕೆ ಸರಿಯಾಗಿ ಅಗಲವಾದ ಕಪ್ಪು ಗೀಚು ಇದ್ದರೆ ಬಸ್ಸು, ಟ್ರಕ್ಕುಗಳ ಹಿಂದಿನ ಚಕ್ರದ್ದು. ಅದು ಇರಬೇಕಾದ್ದೇ. ದ್ವೀಪದ ನಡುನೆತ್ತಿಯ ಮೇಲೆ ನೇರವಾಗಿ ಎರಡು ಸಣ್ಣ ಗೆರೆ ಕಂಡರೆ ಕಾರಿನವರು ಮೇಲೆ ಹತ್ತಿಸಿಕೊಂಡು ಹೋಗುತ್ತಿದ್ದಾರೆ ಅಂತ ಅರ್ಥ. ಬಾಗು ಸಾಲದು, ಇಲ್ಲಾ ದ್ವೀಪದ ಅಂಚು ತೀರಾ ತಗ್ಗು. ಫೋಟೊ ತೆಗೆದು ಎಂಜಿನಿಯರ್‌ಗೆ ಕಳಿಸಿ, ರಬ್ಬರ್ ಕರ್ಬ್ ಸರಿಸುವುದು ಅರ್ಧ ದಿನದ ಕೆಲಸ.

ನಮ್ಮವರಿಗೆ ಒಂದು ಕಿವಿಮಾತು ಬೇಕು, ಅದರಲ್ಲೂ ಊರಿಂದ ಹೊಸದಾಗಿ ಬಂದು ಸ್ಟೀರಿಂಗ್ ಹಿಡಿಯುವವರಿಗೆ. ನಮ್ಮಲ್ಲಿ ಸರ್ಕಲ್ ಸುತ್ತುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ, ಕತ್ತು ತಾನಾಗಿ ಬಲಕ್ಕೆ ತಿರುಗುತ್ತದೆ. ಇಲ್ಲಿ ಸುತ್ತು ಉಲ್ಟಾ, ನೋಡಬೇಕಾದ್ದು ಎಡಕ್ಕೆ. ಎಡದಿಂದ ಬರುವವರಿಗೆ ಬಿಡಿ, ಬಿಡುವು ಸಿಕ್ಕಾಗ ನಿಲ್ಲದೆ ಸೇರಿಕೊಳ್ಳಿ. ಒಳಗೆ ಹೋದಮೇಲೆ ದಾಕ್ಷಿಣ್ಯಕ್ಕೆ ನಿಂತು ಹೊರಗಿನವರನ್ನು ಕರೆಯಬೇಡಿ, ಹಿಂದಿನವರು ಬಂದು ಗುದ್ದುತ್ತಾರೆ. ಹೊರಬರುವ ಮುಂಚೆ ಬಲಗಡೆ ಇಂಡಿಕೇಟರ್ ಹಾಕಿ. ಸೈಕಲ್ ಮುಂದಿದ್ದರೆ ಅದರ ಹಿಂದೆಯೇ ಹೋಗಿ, ವೃತ್ತದೊಳಗೆ ಓವರ್‌ಟೇಕ್ ಬೇಡ.

ಪ್ರಯೋಗ ಮುಗಿಯುವ ಹೊತ್ತಿಗೆ ಮೊದಲು ಎಣಿಸಿದ ಅದೇ ವಾರದ ದಿನ, ಅದೇ ಗಂಟೆಗಳಲ್ಲಿ ಮತ್ತೆ ಎಣಿಸಿ. ಸಾಲು ಎಷ್ಟು ಉದ್ದ, ನಡೆಯುವವರಿಗೆ ಎಷ್ಟು ಜನ ದಾರಿ ಬಿಟ್ಟರು, ಎಷ್ಟು ಜನ ಎಡದಿಂದ ನುಗ್ಗಿದರು, ಹಳೆಯ ಅಂಕಿ ಪಕ್ಕದಲ್ಲೇ ಹೊಸದನ್ನು ಬರೆಯಿರಿ. ಪಕ್ಕಾ ಕಟ್ಟಲು ಹಣ ಸಿಟಿಯ ಬಜೆಟ್‌ನಿಂದಲೇ ಬರಬೇಕು ಅಂತಿಲ್ಲ. ರಾಜ್ಯದ ಮೂಲಕ ಬರುವ ಫೆಡರಲ್ ಹೆದ್ದಾರಿ ಸುರಕ್ಷತಾ ನಿಧಿ ಇದೆ. 2021ರ ಮೂಲಸೌಕರ್ಯ ಕಾನೂನಿನಲ್ಲಿ "ಸೇಫ್ ಸ್ಟ್ರೀಟ್ಸ್ ಆ್ಯಂಡ್ ರೋಡ್ಸ್ ಫಾರ್ ಆಲ್" ಯೋಜನೆಗೆ 5 ವರ್ಷಕ್ಕೆ 5 ಬಿಲಿಯನ್ ಡಾಲರ್ ಇಟ್ಟಿದ್ದರು. ಅರ್ಜಿ ಹಾಕುವುದು ನೀವಲ್ಲ, ಸಿಟಿ ಅಥವಾ ಕೌಂಟಿ. ಆದರೆ ಅರ್ಜಿಗೆ ಬೇಕಾದ ಮುಂಚೆ-ಆಮೇಲೆ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ. ಕ್ಯಾಲಿಫೋರ್ನಿಯಾದ ಸಿಟಿಗಳ ಹಣಕಾಸು ವರ್ಷ ಸಾಮಾನ್ಯವಾಗಿ ಜುಲೈ 1ಕ್ಕೆ, ಟೆಕ್ಸಸ್‌ನಲ್ಲಿ ಹೆಚ್ಚಾಗಿ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ಬಜೆಟ್ ಕರಡು ಅದಕ್ಕೆ ಎಷ್ಟೋ ತಿಂಗಳ ಮುಂಚೆಯೇ ತಯಾರಾಗುತ್ತದೆ, ಹಾಗಾಗಿ ನಿಮ್ಮ ಹಾಳೆ ಚಳಿಗಾಲ ಮುಗಿಯುವುದರೊಳಗೆ ಎಂಜಿನಿಯರ್ ಮೇಜಿನ ಮೇಲಿರಲಿ.